ಗುಜರಿಗೆ ಹಾಕುವ ಮುನ್ನ: ಹಳೆ ಹೊಲಿಗೆ ಮೆಷಿನ್, ಹಳೆ ಪೇಪರ್ ಕಟಿಂಗ್

ಮುಂಬೈಯ ಚಾಳಿರಲಿ, ಹೈದರಾಬಾದಿನ ಹಳೆ ಬಸ್ತಿ ಇರಲಿ, ನಮ್ಮ ಅನೇಕ ಮನೆಗಳಲ್ಲಿ ಮಂಚದ ಕೆಳಗೋ ಅಟ್ಟದ ಮೇಲೋ ಒಂದು ಕಪ್ಪು ಹೊಲಿಗೆ ಮೆಷಿನ್ ಹಳೆ ಚಾದರ ಹೊದ್ದು ಕೂತಿರುತ್ತದೆ. ಅಜ್ಜಿಯ ಕಾಲದ್ದು, ಅಥವಾ ಅಮ್ಮಿಯ ಜಹೇಜಿನಲ್ಲಿ ಬಂದದ್ದು. ಮನೆ ಬದಲಾಯಿಸುವ ದಿನ ಗುಜರಿಯವನು ಬಂದು ಅದನ್ನು ತೂಕಕ್ಕೆ ಹಾಕಿಕೊಂಡು ಹೋಗುತ್ತಾನೆ. ಟೈಲರ್ ಅಂಗಡಿ ಮುಚ್ಚಿದಾಗಲೂ ಇದೇ ಕಥೆ. ಗೋಡೆಯ ಮೊಳೆಗೆ ನೇತುಹಾಕಿದ್ದ ಖಾಕಿ ಕಾಗದದ ಕಟಿಂಗ್‌ಗಳು, ಅಂದರೆ ಪ್ಯಾಟರ್ನ್‌ಗಳು, ಕಟ್ಟು ಕಟ್ಟಿಕೊಂಡು ರದ್ದಿಗೆ ಹೋಗುತ್ತವೆ. ಎರಡಕ್ಕೂ ಸಿಗುವುದು ಕಿಲೋ ಲೆಕ್ಕದ ಬೆಲೆ.

ಆದರೆ ಈ ಎರಡೂ ಕಿಲೋ ಲೆಕ್ಕದ ವಸ್ತುಗಳಲ್ಲ. ಸರಿಯಾಗಿ ಓಡುವ ಒಂದು ಮೆಷಿನ್ ಮತ್ತು ಸರಿಯಾದ ಅಳತೆಯ ನಾಲ್ಕು ಕಟಿಂಗ್ ಕೈಯಲ್ಲಿದ್ದರೆ ಮನೆಯಲ್ಲೇ ಕೂತು ದುಡಿಯುವ ಹೆಣ್ಣುಮಗಳಿಗೆ ಅದೇ ಬಂಡವಾಳ. ಹಾಗೆಯೇ, ಹಳೆಯದನ್ನು ಸರಿಮಾಡಿ ಮಾರುವುದೂ ಒಂದು ಕಸುಬು. ಆ ಕಸುಬು ಹೇಗೆ ನಡೆಯುತ್ತದೆ, ಅದರಲ್ಲಿ ಎಲ್ಲಿ ಎಚ್ಚರ ಬೇಕು, ಮಾರುವಾಗ ಯಾವ ಸತ್ಯ ಹೇಳಲೇಬೇಕು ಎಂಬುದನ್ನು ಇಲ್ಲಿ ನೋಡೋಣ.

ಹಳೆ ಮೆಷಿನ್ ಯಾಕೆ ಸಾಯುವುದಿಲ್ಲ?

ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಮೆರಿಟ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಸಿಂಗರ್ ಕಂಪನಿ 1856ರ ಸುಮಾರಿಗೆ ಕಂತಿನ ಮೇಲೆ ಮಾರುವ ಪದ್ಧತಿ ತಂದಿತು. ಒಟ್ಟಿಗೆ ಹಣ ಕೊಡಲಾಗದ ಮನೆಗೂ ಮೆಷಿನ್ ಹೋಗಲು ಇದೇ ದಾರಿಯಾಯಿತು. 1880ರ ದಶಕದಲ್ಲಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಕಂಪನಿಯ ದೊಡ್ಡ ಕಾರ್ಖಾನೆ ಎದ್ದಿತು. ಆ ಜಾಗದ ಹೆಸರು ಕಿಲ್‌ಬೋವಿ. 15ಕೆ, 66ಕೆ, 201ಕೆ ಮುಂತಾದ ಮಾದರಿಗಳ ಕೊನೆಯ 'ಕೆ' ಅಂದರೆ ಈ ಕಿಲ್‌ಬೋವಿಯೇ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಮೆಷಿನ್‌ಗಳು ಮಾತ್ರ ಇನ್ನೂ ಓಡುತ್ತಿವೆ.

ನಮ್ಮ ದೇಶದಲ್ಲಿ 1930ರ ದಶಕದಲ್ಲಿ ಕಲ್ಕತ್ತಾದ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನಿಂದ ಉಷಾ ಮೆಷಿನ್ ಬಂತು. ಮುಂದೆ ಪಂಜಾಬಿನ ಲೂಧಿಯಾನ ಹೊಲಿಗೆ ಮೆಷಿನ್ ಮತ್ತು ಬಿಡಿಭಾಗಗಳ ದೊಡ್ಡ ಕೇಂದ್ರವಾಯಿತು. ಗಾಂಧೀಜಿ ಯಂತ್ರಗಳ ಬಗ್ಗೆ ಎಷ್ಟು ಬಿಗಿಯಾಗಿದ್ದರು ಅಂತ ನಮಗೆ ಗೊತ್ತು. ಆದರೂ 1924ರಲ್ಲಿ ಈ ಪ್ರಶ್ನೆ ಬಂದಾಗ, ತಮ್ಮ ವಿರೋಧಕ್ಕೆ ಹೊರತಾದ ಯಂತ್ರ ಅಂತ ಅವರು ಹೆಸರಿಸಿದ್ದು ಸಿಂಗರ್ ಹೊಲಿಗೆ ಮೆಷಿನನ್ನು. ಮನುಷ್ಯನ ಕೈಯ ಕೆಲಸ ಕಿತ್ತುಕೊಳ್ಳದೆ ಕೈಯ ದಣಿವನ್ನಷ್ಟೇ ಇಳಿಸುವ ಯಂತ್ರ ಅದು ಎಂಬುದು ಅವರ ವಾದದ ಸಾರ.

ಈ ಹಳೆ ಮೆಷಿನ್‌ಗಳ ಮೈ ಎರಕದ ಕಬ್ಬಿಣ, ಒಳಗಿನ ಭಾಗಗಳು ಉಕ್ಕು. ಪ್ಲಾಸ್ಟಿಕ್ ಹಲ್ಲುಚಕ್ರ ಇಲ್ಲ, ಸರ್ಕ್ಯೂಟ್ ಇಲ್ಲ. 1960ರ ದಶಕದಿಂದ ಮನೆಬಳಕೆಯ ಅನೇಕ ಮಾದರಿಗಳಲ್ಲಿ ಪ್ಲಾಸ್ಟಿಕ್ ಚಕ್ರ ಬಂತು. ವರ್ಷಗಳ ಮೇಲೆ ಅದು ಬಿರುಕು ಬಿಟ್ಟರೆ ಬೇರೆ ಚಕ್ರ ಹುಡುಕಬೇಕು. ಉಕ್ಕಿನ ಚಕ್ರ ಹಾಗಲ್ಲ. ಹಳೆ ಕಪ್ಪು ಮೆಷಿನ್ ನಿಂತುಹೋಗಿದೆ ಅಂದರೆ ಹೆಚ್ಚಿನ ಸಲ ಏನೂ ಮುರಿದಿರುವುದಿಲ್ಲ. ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೆ. ಯಾರೋ ಮೆಷಿನ್ ಎಣ್ಣೆ ಸಿಗಲಿಲ್ಲ ಅಂತ ಕೊಬ್ಬರಿ ಎಣ್ಣೆ ಹಾಕಿರುತ್ತಾರೆ. ಅದು ಗೋಂದಿನಂತೆ ಗಟ್ಟಿಯಾಗಿ ಎಲ್ಲ ಕೀಲುಗಳನ್ನೂ ಹಿಡಿದುಕೊಂಡಿರುತ್ತದೆ.

ಹೊಲಿಗೆ ಬೀಳುವುದು ಹೇಗೆ?

ರಿಪೇರಿ ಕಲಿಯುವವರು ಮೊದಲು ಇದನ್ನು ತಿಳಿಯಬೇಕು. ಕೈಸೂಜಿಯ ಕಣ್ಣು ಹಿಂಬದಿಯಲ್ಲಿರುತ್ತದೆ, ಮೆಷಿನ್ ಸೂಜಿಯ ಕಣ್ಣು ಮೊನೆಯ ಹತ್ತಿರ. ಸೂಜಿ ಬಟ್ಟೆ ಚುಚ್ಚಿ ಪೂರ್ತಿ ಕೆಳಗಿಳಿದು, ಮೇಲೇಳಲು ಶುರು ಮಾಡಿದ ಕ್ಷಣದಲ್ಲಿ ದಾರ ಸ್ವಲ್ಪ ಸಡಿಲಾಗಿ ಸಣ್ಣ ಕುಣಿಕೆಯಾಗುತ್ತದೆ. ಕೆಳಗೆ ಓಡಾಡುವ ಶಟಲ್‌ನ ಮೊನೆ ಆ ಕುಣಿಕೆಯೊಳಗೆ ನುಗ್ಗಿ, ಅದನ್ನು ಬಾಬಿನ್ನಿನ ಸುತ್ತ ದಾಟಿಸುತ್ತದೆ. ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಮೇಲೆ ಏರಿಳಿಯುವ ದಾರದ ಕಡ್ಡಿ ಅದನ್ನು ಎಳೆದು ಬಿಗಿಮಾಡುತ್ತದೆ. ಗಂಟು ಬಟ್ಟೆಯ ದಪ್ಪದ ಮಧ್ಯದಲ್ಲಿ ಕೂರಬೇಕು. ಮೇಲೂ ಕಾಣಬಾರದು, ಕೆಳಗೂ ಕಾಣಬಾರದು. ಇದೇ ಲಾಕ್‌ಸ್ಟಿಚ್.

ಇಷ್ಟು ಗೊತ್ತಿದ್ದರೆ ಅರ್ಧ ರೋಗ ತಾನೇ ತಿಳಿಯುತ್ತದೆ. ಹೊಲಿಗೆ ತಪ್ಪಿ ತಪ್ಪಿ ಬೀಳುತ್ತಿದೆಯೇ? ಶಟಲ್ ಕುಣಿಕೆ ಹಿಡಿಯುತ್ತಿಲ್ಲ ಅಂತ ಅರ್ಥ. ಹೆಚ್ಚಾಗಿ ಸೂಜಿ ಬಾಗಿರುತ್ತದೆ, ಅಥವಾ ಉಲ್ಟಾ ಹಾಕಿರುತ್ತಾರೆ. ಸೂಜಿಯ ಉದ್ದ ಗೀರು ಇರುವ ಬದಿಯಿಂದ ದಾರ ಪೋಣಿಸಬೇಕು, ಚಪ್ಪಟೆ ಬದಿ ಶಟಲ್‌ನ ಮೊನೆ ಹಾದುಹೋಗುವ ಕಡೆಗಿರಬೇಕು. 'ಮೆಷಿನ್ ಕೆಟ್ಟಿದೆ' ಅಂತ ಬರುವ ದೂರು ಎಷ್ಟೋ ಸಲ ಒಂದು ಹೊಸ ಸೂಜಿಯಿಂದಲೇ ಮುಗಿಯುತ್ತದೆ.

ಕೊಳ್ಳುವಾಗ ಏನು ನೋಡಬೇಕು?

ಮುಂಬೈಯ ಚೋರ್ ಬಜಾರ್, ಪುಣೆಯ ಜೂನಾ ಬಜಾರ್, ಹೈದರಾಬಾದಿನ ಜುಮ್ಮೇರಾತ್ ಬಜಾರ್ ಮುಂತಾದ ಕಡೆ ಹಳೆ ಸಾಮಾನು ಹುಡುಕುವವರಿಗೆ ಮೆಷಿನ್ ಕೂಡ ಎದುರಾಗುತ್ತದೆ. ಅದಕ್ಕಿಂತ ಒಳ್ಳೆಯದು ನಮ್ಮದೇ ಬಂಧುಬಳಗದ ಮನೆಗಳ ಅಟ್ಟ. ಎಲ್ಲೇ ಕೊಂಡರೂ ಐದು ವಿಷಯ ನೋಡಿ.

ಒಂದು, ಸೂಜಿ ಮತ್ತು ಬಾಬಿನ್ ಇಂದಿಗೂ ಅಂಗಡಿಯಲ್ಲಿ ಸಿಗುವ ಜಾತಿಯದೇ? ಸಿಂಗರ್ 15ರ ಮಾದರಿಯನ್ನು ಎಷ್ಟೋ ಕಂಪನಿಗಳು ನಕಲು ಮಾಡಿದ್ದರಿಂದ ಅದರ ಗುಂಡು ಬಾಬಿನ್, ಸೂಜಿ, ಬಾಬಿನ್ ಕೇಸ್ ಸುಲಭವಾಗಿ ಸಿಗುತ್ತವೆ. ದೋಣಿಯಾಕಾರದ ಉದ್ದ ಶಟಲ್ ಮತ್ತು ಉದ್ದ ಬಾಬಿನ್ ಇರುವ ಇನ್ನೂ ಹಳೆಯ ಮೆಷಿನ್ ನೋಡಲು ಚೆಂದ, ಆದರೆ ಶಟಲ್ ಕಳೆದಿದ್ದರೆ ಇನ್ನೊಂದು ಹುಡುಕುವುದು ಕಷ್ಟ. ದುಡಿಮೆಗೆ ಬೇಕಾದವರಿಗೆ ಅದನ್ನು ಕೊಡಬೇಡಿ.

ಎರಡು, ಎರಕದ ಮೈಯಲ್ಲಿ ಬಿರುಕು ಇದೆಯೇ? ತುಕ್ಕು ತೆಗೆಯಬಹುದು, ಬಿರುಕು ತೆಗೆಯಲಾಗದು. ಮೂರು, ಚಕ್ರ ಸ್ವಲ್ಪವಾದರೂ ಅಲುಗುತ್ತದೆಯೇ? ನಾಲ್ಕು, ಬಾಬಿನ್ ಕೇಸ್, ಕೆಳಗಿನ ಜಾರುವ ತಗಡು, ಒತ್ತುವ ಪಾದ ಇವೆಲ್ಲ ಇವೆಯೇ? ಐದು, ಮೋಟಾರ್ ಇದ್ದರೆ ಅದರ ವೈರ್ ಹೇಗಿದೆ? ಹಳೆ ವೈರಿನ ರಬ್ಬರು ಒಣಗಿ ಪುಡಿಯಾಗಿರುತ್ತದೆ. ಅಂಥದ್ದನ್ನು ಪ್ಲಗ್ಗಿಗೆ ಹಾಕಿ ಪರೀಕ್ಷೆ ಮಾಡಲು ಹೋಗಬೇಡಿ, ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ಬದಲಿಸಿ.

ಮೆಷಿನ್ನಿನ ವಯಸ್ಸು ತಿಳಿಯಬೇಕಾದರೆ ಅಡಿಹಲಗೆಯ ಬಲಭಾಗದಲ್ಲಿ ಕೊರೆದ ಸೀರಿಯಲ್ ನಂಬರ್ ನೋಡಿ. ಸಿಂಗರ್‌ನಲ್ಲಿ ಅಂಕಿಯ ಮುಂದೆ ಅಕ್ಷರ ಇಲ್ಲದಿದ್ದರೆ ಅದು 1900ಕ್ಕಿಂತ ಹಿಂದಿನದು. ಅಕ್ಷರ ಇದ್ದರೆ ಆಮೇಲಿನದು.

ಸರಿಮಾಡುವ ಕ್ರಮ

ಮೊದಲ ನಿಯಮ: ಬಲ ಹಾಕಬೇಡಿ. ಅಂಟಿಕೊಂಡ ಚಕ್ರವನ್ನು ಜೋರಾಗಿ ತಿರುಗಿಸಿದರೆ ಒಣ ಎಣ್ಣೆಗಿಂತ ಮೊದಲು ಉಕ್ಕಿನ ಪಿನ್ ತುಂಡಾಗಬಹುದು.

ಎರಡನೆಯದು: ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದೊಂದು ಸ್ಕ್ರೂ ತೆಗೆದಂತೆಲ್ಲ ಒಂದೊಂದು ಫೋಟೋ. ಸ್ಕ್ರೂಗಳನ್ನು ಡಬ್ಬಿಯಲ್ಲಿ ಕ್ರಮವಾಗಿ ಇಡಿ.

ಆಮೇಲೆ ಹಲ್ಲುಗಳ ಸಂದಿಯಲ್ಲಿ ಸೇರಿದ ಹತ್ತಿಯ ದೂಳನ್ನು ಬ್ರಶ್ಶಿನಿಂದ ತೆಗೆಯಿರಿ. ಎಷ್ಟೋ ಸಲ ಅದು ಎಣ್ಣೆ ಕುಡಿದು ಒತ್ತಿ ಒತ್ತಿ ಚರ್ಮದಂತೆ ಗಟ್ಟಿಯಾಗಿರುತ್ತದೆ. ಎಣ್ಣೆ ಹಾಕುವ ಪ್ರತಿ ತೂತಿಗೂ, ಲೋಹ ಲೋಹಕ್ಕೆ ಉಜ್ಜುವ ಪ್ರತಿ ಜಾಗಕ್ಕೂ ಸ್ವಲ್ಪ ಸೀಮೆಎಣ್ಣೆ ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಇರಬಾರದು. ಒಂದು ರಾತ್ರಿ ಬಿಟ್ಟು ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ಬೇಕಾದರೆ ಮತ್ತೆ ಬಿಡಿ. ಕೂದಲು ಒಣಗಿಸುವ ಡ್ರೈಯರಿನ ಬಿಸಿ ಗಾಳಿಯೂ ಗಟ್ಟಿ ಎಣ್ಣೆಯನ್ನು ಸಡಿಲಿಸುತ್ತದೆ. ಆದರೆ ಸೀಮೆಎಣ್ಣೆ ಹಾಕಿದ ಮೆಷಿನ್ ಹತ್ತಿರ ಡ್ರೈಯರ್ ತರಬೇಡಿ, ಎರಡರಲ್ಲಿ ಒಂದನ್ನೇ ಮಾಡಿ. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ, ಕೀಲನ್ನು ಕಾಯುವುದಿಲ್ಲ. ಕೊಳೆ ಹೋದಮೇಲೆ ಒರೆಸಿ, ಎಲ್ಲ ಕಡೆ ಹೊಲಿಗೆ ಮೆಷಿನ್ ಎಣ್ಣೆಯನ್ನೇ ಹಾಕಬೇಕು.

ಚಕ್ರದ ನಡುವಿನ ದೊಡ್ಡ ಸ್ಕ್ರೂವನ್ನು ಸಡಿಲಿಸಿದರೆ ಚಕ್ರ ಮಾತ್ರ ತಿರುಗಿ ಬಾಬಿನ್ ಸುತ್ತುತ್ತದೆ, ಸೂಜಿ ನಿಲ್ಲುತ್ತದೆ. ಅದರೊಳಗಿನ ಕಿವಿಗಳಿರುವ ವಾಷರನ್ನು ತೆಗೆದು ತೊಳೆದು ಮತ್ತೆ ಹಾಕಿದಮೇಲೆ ಚಕ್ರ ಹಿಡಿಯದಿದ್ದರೆ ಗಾಬರಿ ಬೇಡ. ವಾಷರನ್ನು ಅರ್ಧ ಸುತ್ತು ತಿರುಗಿಸಿ ಹಾಕಿ ನೋಡಿ, ಸರಿಹೋಗುತ್ತದೆ.

ಮೈಮೇಲಿನ ಬಂಗಾರದ ಚಿತ್ತಾರದ ಬಗ್ಗೆ ಒಂದು ಎಚ್ಚರಿಕೆ. ಹಳೆ ಸಿಂಗರ್‌ನ ಕೆಲವು ಮಾದರಿಗಳಲ್ಲಿ ಈಜಿಪ್ಟಿನ ಸ್ಫಿಂಕ್ಸ್ ಚಿತ್ರವೂ ಇರುತ್ತದೆ. ಅದರ ಮೇಲಿರುವುದು ಅರಗಿನ ತೆಳುವಾದ ಪದರ. ಸ್ಪಿರಿಟ್ ಹಚ್ಚಿದರೆ ಆ ಪದರ ಕರಗಿ, ಚಿತ್ತಾರ ಬಟ್ಟೆಗೇ ಹತ್ತಿಕೊಂಡು ಬರುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಮೆಷಿನ್ ಎಣ್ಣೆ ಹಾಕಿ ಒರೆಸಿದರೆ ಸಾಕು. ಬೆಳ್ಳಿಯಂತೆ ಹೊಳೆಯುವ ಭಾಗಗಳ ತುಕ್ಕಿಗೆ ಮಾತ್ರ ಎಣ್ಣೆ ಹಚ್ಚಿದ ನಯವಾದ ಉಕ್ಕಿನ ನಾರು ಬಳಸಿ. ಹೊಸ ಪೇಂಟ್ ಹೊಡೆಯುವ ಆಸೆ ಬೇಡ, ಹಳೆಯದನ್ನು ಹುಡುಕಿ ಬರುವವರಿಗೆ ಹಳೆ ಮೈಯೇ ಬೇಕು.

ಕೊನೆಗೆ ಟೆನ್ಷನ್. ದಾರ ಹಾಕಿದ ಬಾಬಿನ್ ಕೇಸನ್ನು ದಾರದಿಂದ ನೇತುಹಾಕಿ. ತಾನಾಗಿ ಜಾರಬಾರದು, ಕೈ ಸ್ವಲ್ಪ ಜಗ್ಗಿದಾಗ ಮಾತ್ರ ಒಂದೆರಡು ಇಂಚು ಇಳಿಯಬೇಕು. ಆಮೇಲೆ ಮೇಲೆ ಕೆಂಪು ದಾರ, ಕೆಳಗೆ ಬಿಳಿ ದಾರ ಹಾಕಿ ಎರಡು ಪದರದ ಹತ್ತಿ ಬಟ್ಟೆಯ ಮೇಲೆ ಹೊಲಿಯಿರಿ. ಬಿಳಿ ಮೇಲೆ ಕಂಡರೆ ಮೇಲಿನ ಟೆನ್ಷನ್ ಬಿಗಿಯಾಗಿದೆ. ಕೆಂಪು ಕೆಳಗೆ ಗುಂಜು ಕಟ್ಟಿದರೆ ಮೇಲಿನದು ಸಡಿಲ, ಇಲ್ಲವೇ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿಲ್ಲ. ತೆಳು ಬಟ್ಟೆಗೆ 11, ಸಾಧಾರಣ ಹತ್ತಿಗೆ 14, ದಪ್ಪ ಬಟ್ಟೆಗೆ 16 ನಂಬರಿನ ಸೂಜಿ. ಈ ಎರಡು ಬಣ್ಣದ ತುಂಡನ್ನು ಎಸೆಯಬೇಡಿ. ಮಾರುವಾಗ ಮೆಷಿನ್ ಜೊತೆ ಕೊಡಿ, ಅದೇ ಅದರ ಸರ್ಟಿಫಿಕೇಟ್.

ಬೆಲೆ ಮತ್ತು ಗಾಳಿಸುದ್ದಿ

ಹಳೆ ಸಿಂಗರ್ ಅಂದ ಕೂಡಲೇ ಕೆಲವರು ಲಕ್ಷದ ಮಾತಾಡುತ್ತಾರೆ. 2009ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಒಂದು ಸುದ್ದಿ ಹಬ್ಬಿತು. ಹಳೆ ಸಿಂಗರ್ ಮೆಷಿನ್ನಿನ ಸೂಜಿಯಲ್ಲಿ 'ಕೆಂಪು ಪಾದರಸ' ಇದೆ, ಅದರಿಂದ ನಿಧಿ ಹುಡುಕಬಹುದು, ಮೊಬೈಲನ್ನು ಸೂಜಿಯ ಹತ್ತಿರ ತಂದಾಗ ಲೈನ್ ಕಟ್ಟಾದರೆ ಅದು ಅಸಲಿ, ಹೀಗೆಲ್ಲ. ಜನ ಸಾವಿರಾರು ರಿಯಾಲ್ ಸುರಿದರು. ಅಲ್ಲಿನ ಅಧಿಕಾರಿಗಳು ಇದು ಮೋಸ ಅಂತ ಎಚ್ಚರಿಸಬೇಕಾಯಿತು. ಗಲ್ಫಿನಲ್ಲಿ ದುಡಿಯುವವರು ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ? ಇಂಥ ಸುದ್ದಿ ಫೋನಿನಲ್ಲಿ ಬಂದರೆ ಅಲ್ಲೇ ನಿಲ್ಲಿಸಿ. ಮೆಷಿನ್ನಿನಲ್ಲಿರುವುದು ಕಬ್ಬಿಣ, ಉಕ್ಕು, ಎಣ್ಣೆ ಮಾತ್ರ. ಸಾಮಾನ್ಯ ಮಾದರಿಗಳು ಕೋಟ್ಯಂತರ ಸಂಖ್ಯೆಯಲ್ಲಿ ತಯಾರಾಗಿವೆ, ಹಳೆಯದು ಎಂಬ ಮಾತ್ರಕ್ಕೆ ಅಪರೂಪದ್ದಲ್ಲ.

ನಿಜವಾದ ಬೆಲೆಯನ್ನು ಹೀಗೆ ಕಟ್ಟಬಹುದು. ಉದಾಹರಣೆಗೆ, ಮೆಷಿನ್ನಿಗೆ 1,500 ರೂಪಾಯಿ ಕೊಟ್ಟಿರಿ ಅಂದುಕೊಳ್ಳಿ. ಆಟೋ ಬಾಡಿಗೆ 200, ಬೆಲ್ಟ್, ಸೂಜಿ, ಬಾಬಿನ್ ಕೇಸ್ ಸೇರಿ 400, ಎಣ್ಣೆ ಮತ್ತು ಬ್ರಶ್ 100. ಒಟ್ಟು 2,200. ಕೆಲಸ ಎಂಟು ಗಂಟೆ. ಅದನ್ನು 3,500ಕ್ಕೆ ಮಾರಿದರೆ ಉಳಿಯುವುದು 1,300, ಅಂದರೆ ಗಂಟೆಗೆ 160 ರೂಪಾಯಿಯ ಸುಮಾರು. ಗಂಟೆಯ ಲೆಕ್ಕ ಬರೆಯದವರಿಗೆ 2,000 ರೂಪಾಯಿ ಲಾಭ ಬಂದಂತೆ ಕಾಣುತ್ತದೆ, ಆದರೆ ಆಟೋ, ಬಿಡಿಭಾಗ, ಬೆವರು ಎಲ್ಲ ಅದರೊಳಗೇ ಕರಗಿರುತ್ತದೆ.

ಕಾಗದದಲ್ಲಿ ಉಳಿದ ವಿದ್ಯೆ

ಮೆಷಿನ್ ಇದ್ದಮಾತ್ರಕ್ಕೆ ಕುರ್ತಾ ಆಗುವುದಿಲ್ಲ, ಅಳತೆ ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನ ದರ್ಜಿ ಎಬೆನೇಜರ್ ಬಟರಿಕ್ 1863ರಲ್ಲಿ ಒಂದೇ ಉಡುಪಿನ ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನ್ ಮಾರಲು ಶುರು ಮಾಡಿದರು. ಮನೆಯ ಮೆಷಿನ್ ಮತ್ತು ಸಿದ್ಧ ಪ್ಯಾಟರ್ನ್ ಒಂದಕ್ಕೊಂದು ಜೊತೆಯಾಗಿ ಬೆಳೆದವು. ನಮ್ಮಲ್ಲಿ ದಾರಿ ಬೇರೆ. ಉಸ್ತಾದ್ ಬಟ್ಟೆಯ ಮೇಲೆ ನೇರವಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ, ಶಾಗಿರ್ದ್ ನೋಡಿ ಕಲಿಯುತ್ತಾನೆ. ಬಟ್ಟೆ ಹೊಲಿದ ಮೊದಲಿಗರು ಪ್ರವಾದಿ ಇದ್ರೀಸ್(ಅ) ಎಂದು ನಂಬುವ ಪರಂಪರೆ ನಮ್ಮದು. ಉತ್ತರ ಭಾರತದ ದರ್ಜಿಗಳು ಇದ್ರೀಸಿ ಎಂಬ ಹೆಸರನ್ನು ಅವರಿಂದಲೇ ಪಡೆದರು. ಆದರೆ ಕಣ್ಣಿಂದ ಕಣ್ಣಿಗೆ ದಾಟುವ ವಿದ್ಯೆಗೆ ಒಂದು ಅಪಾಯವಿದೆ. ಮಗ ಬೇರೆ ಕೆಲಸಕ್ಕೆ ಹೋದರೆ ಅದು ಅಲ್ಲಿಗೇ ನಿಲ್ಲುತ್ತದೆ. ಆಗ ಉಳಿಯುವುದು ಮೊಳೆಗೆ ನೇತುಹಾಕಿದ ಆ ಖಾಕಿ ಕಾಗದಗಳು ಮಾತ್ರ. ಅವುಗಳ ಮೇಲೆ ಹೆಚ್ಚಾಗಿ ಏನೂ ಬರೆದಿರುವುದಿಲ್ಲ.

ಅಂಗಡಿ ಮುಚ್ಚುವ ಮೊದಲು ಒಂದು ಮಧ್ಯಾಹ್ನ ಉಸ್ತಾದರ ಜೊತೆ ಕೂತು ಪ್ರತಿ ತುಂಡಿನ ಮೇಲೂ ಇಷ್ಟು ಬರೆದುಕೊಳ್ಳಿ: ಯಾವ ಉಡುಪು, ಎದೆಯ ಸುತ್ತಳತೆ ಎಷ್ಟು, ಉದ್ದ ಎಷ್ಟು, ಹೊಲಿಗೆಯ ಅಂಚು ಸೇರಿದೆಯೋ ಇಲ್ಲವೋ, ಯಾವ ಅಂಚನ್ನು ಬಟ್ಟೆಯ ಮಡಿಕೆಗೆ ಇಡಬೇಕು, ಬಟ್ಟೆಯ ಉದ್ದದ ಎಳೆ ಯಾವ ದಿಕ್ಕಿಗೆ, ಒಟ್ಟು ತುಂಡು ಎಷ್ಟು. ಕುರ್ತಾ, ಸಲ್ವಾರ್, ಅಬಾಯಾ, ಶಾಲೆಯ ಯೂನಿಫಾರ್ಮ್, ಮಕ್ಕಳ ಜುಬ್ಬಾ, ಇವುಗಳ ಪೂರ್ತಿ ಸೆಟ್ ಹೊಸದಾಗಿ ಕಲಿಯುವವರಿಗೆ ತಿಂಗಳ ಶ್ರಮ ಉಳಿಸುತ್ತದೆ.

ಹೊರದೇಶದ ಹಳೆ ಪ್ಯಾಟರ್ನ್ ಲಕೋಟೆಗಳೂ, ಹೊಲಿಗೆ ಪತ್ರಿಕೆಗಳೂ ಕೈಗೆ ಬರುವುದುಂಟು. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಇರಬಹುದು, ಹೈದರಾಬಾದಿನ ಅಬಿಡ್ಸ್‌ನ ಭಾನುವಾರದ ಹಳೆ ಪುಸ್ತಕದ ಸಾಲಿನಲ್ಲೂ ಹುಡುಕಬಹುದು. ಅವುಗಳಲ್ಲಿ ಲಕೋಟೆಯ ಮೇಲಿನ ಸೈಜ್ ನಂಬರನ್ನು ನಂಬದೆ ಎದೆ, ಸೊಂಟದ ಅಳತೆ ನೋಡಿ. ದೊಡ್ಡ ಅಮೆರಿಕನ್ ಕಂಪನಿಗಳ ಪ್ಯಾಟರ್ನಿನಲ್ಲಿ ಸಾಮಾನ್ಯವಾಗಿ 1.5 ಸೆಂಟಿಮೀಟರ್ ಹೊಲಿಗೆ ಅಂಚು ಸೇರಿರುತ್ತದೆ. ಜರ್ಮನಿಯ ಬುರ್ಡಾ ಪತ್ರಿಕೆಯ ಹಾಳೆಗಳಲ್ಲಿ ಸೇರಿರುವುದಿಲ್ಲ, ನಾವೇ ಬಿಟ್ಟು ಕತ್ತರಿಸಬೇಕು. ಇದು ತಿಳಿಯದೆ ಕತ್ತರಿಸಿದರೆ ಉಡುಪು ಬಿಗಿಯಾಗುತ್ತದೆ, ಬಟ್ಟೆಯೂ ಹಾಳು.

ಮಾರುವ ಮೊದಲು ತುಂಡುಗಳನ್ನು ಎಣಿಸಿ, ಒಳಗಿನ ಪಟ್ಟಿಯೊಂದಿಗೆ ಹೊಂದಿಸಿ ನೋಡಿ. ಮುಂಭಾಗ ಮತ್ತು ಹಿಂಭಾಗದ ಪಕ್ಕದ ಅಂಚುಗಳ ಉದ್ದ ಸರಿಹೊಂದಬೇಕು. ಸುಕ್ಕಾದ ತೆಳು ಕಾಗದಕ್ಕೆ ಕಡಿಮೆ ಬಿಸಿಯ ಇಸ್ತ್ರಿ ಸಾಕು, ನೀರು ಚಿಮುಕಿಸಬೇಡಿ. ನಿಮ್ಮಲ್ಲಿರುವ ಮೂಲ ಪ್ರತಿಯನ್ನು ಮಾರುವುದು ಬೇರೆ, ಒಂದನ್ನು ಕೊಂಡು ಹತ್ತು ಜೆರಾಕ್ಸ್ ಮಾಡಿ ಮಾರುವುದು ಬೇರೆ. ಎರಡನೆಯದು ಇನ್ನೊಬ್ಬರ ದುಡಿಮೆಯನ್ನು ಕದ್ದಂತೆ.

ನೆನೆದ ಧಾನ್ಯ ಮೇಲಿರಲಿ

ಸಂತೆಯಲ್ಲಿ ಪ್ರವಾದಿ(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರಸಂಗ ನಮಗೆಲ್ಲ ಗೊತ್ತು. ಮೇಲೆ ಒಣಗಿತ್ತು, ಒಳಗೆ ತೇವ. ಮಳೆಗೆ ನೆನೆಯಿತು ಅಂದ ವ್ಯಾಪಾರಿಗೆ, ನೆನೆದದ್ದನ್ನು ಜನ ಕಾಣುವಂತೆ ಮೇಲೆ ಇಡಬೇಕಿತ್ತು ಎಂದು ಅವರು ತಿಳಿಹೇಳಿದರು. ಹಳೆ ಮೆಷಿನ್ ಮಾರುವವರಿಗೆ ಇದಕ್ಕಿಂತ ನೇರವಾದ ಪಾಠ ಇಲ್ಲ. ಮೈಗೆ ಎಣ್ಣೆ ಸವರಿದರೆ ಎಂಥ ಮೆಷಿನ್ ಕೂಡ ಫಳಫಳ ಹೊಳೆಯುತ್ತದೆ, ಒಳಗಿನ ಸವೆತ ಕಾಣುವುದಿಲ್ಲ.

ಆದ್ದರಿಂದ ಒಂದು ಚೀಟಿ ಬರೆಯಿರಿ. ಏನು ಬದಲಿಸಿದೆ, ಏನು ಬದಲಿಸಿಲ್ಲ, ದಪ್ಪ ಬಟ್ಟೆಯ ಮೇಲೆ ಹೇಗೆ ಓಡುತ್ತದೆ, ಎಲ್ಲಿ ಸವೆದಿದೆ. ಪ್ಯಾಟರ್ನ್ ಆದರೆ ಯಾವ ತುಂಡು ಇಲ್ಲ, ಯಾವುದನ್ನು ಮೊದಲೇ ಕತ್ತರಿಸಲಾಗಿದೆ. ಕೊಳ್ಳುವವರ ಕೈಯಲ್ಲೇ ಒಂದು ಗೇಣು ಹೊಲಿಸಿ ನೋಡಿ. ಚಿಲ್ಲರೆ ಕೂಡಿಟ್ಟು ಮೆಷಿನ್ ಕೊಂಡ ಖಾಲಾ ಒಬ್ಬರಿಗೆ ಅದು ರಮಝಾನಿನ ಮೂರನೇ ವಾರ ಕೈಕೊಟ್ಟರೆ ಹೋಗುವುದು ಬರೀ ಮೆಷಿನ್ನಿನ ಹಣವಲ್ಲ. ಈದಿಗೆ ಹೊಲಿಯಲು ಒಪ್ಪಿಕೊಂಡ ಬಟ್ಟೆಗಳು, ಅವುಗಳ ಜೊತೆ ಗಿರಾಕಿಗಳೂ ಹೋಗುತ್ತಾರೆ.

ಝಕಾತಿನ ವಿಷಯದಲ್ಲೂ ಒಂದು ವ್ಯತ್ಯಾಸ ತಿಳಿದಿರಲಿ. ದುಡಿಯಲು ಬಳಸುವ ಮೆಷಿನ್ ಕಸುಬಿನ ಉಪಕರಣ, ಅದಕ್ಕೆ ಝಕಾತ್ ಇಲ್ಲ. ಮಾರಲೆಂದೇ ಕೊಂಡಿಟ್ಟ ಮೆಷಿನ್‌ಗಳು ವ್ಯಾಪಾರದ ಸರಕು. ನಿಸಾಬ್ ಮುಟ್ಟಿ ವರ್ಷ ತುಂಬಿದರೆ ಅವು ಲೆಕ್ಕಕ್ಕೆ ಬರುತ್ತವೆ. ನಿಮ್ಮ ಮಝ್‌ಹಬ್‌ನ ವಿವರವನ್ನು ಉಲಮಾಗಳಲ್ಲಿ ಕೇಳಿಕೊಳ್ಳಿ.

ನಮ್ಮ ಜಮಾಅತ್‌ಗಳು, ಸಂಘಗಳು ಬಡ ಹೆಣ್ಣುಮಕ್ಕಳಿಗೆ ಹೊಲಿಗೆ ಮೆಷಿನ್ ಹಂಚುವುದು ಹೊಸತಲ್ಲ. ಫೋಟೋ ತೆಗೆದು ಹೊಸ ಮೆಷಿನ್ ಕೊಟ್ಟು ಕಳಿಸುತ್ತೇವೆ. ಆರು ತಿಂಗಳ ನಂತರ ಬೆಲ್ಟ್ ತುಂಡಾಗಿದೆಯೇ, ಕಟಿಂಗ್ ಬರುತ್ತದೆಯೇ ಅಂತ ಕೇಳುವವರು ಕಡಿಮೆ. ಮುಂದಿನ ಸಲ ಪಟ್ಟಿ ಮಾಡುವಾಗ ಮೊದಲು ನಮ್ಮ ಮೊಹಲ್ಲಾದ ಅಟ್ಟಗಳಲ್ಲಿ ಏನಿದೆ ಅಂತ ಕೇಳೋಣ. ಓದುವ ಹುಡುಗ ಹುಡುಗಿಯರಲ್ಲಿ ಇಬ್ಬರಿಗಾದರೂ ಈ ರಿಪೇರಿ ಕಲಿಸೋಣ. ಒಂದು ಓಡುವ ಮೆಷಿನ್, ಅದರ ಜೊತೆ ಒಂದು ಎಣ್ಣೆ ಶೀಶೆ, ಐದು ಸೂಜಿ, ಹೆಸರು ಬರೆದ ನಾಲ್ಕು ಕಟಿಂಗ್, ಕೆಟ್ಟರೆ ಯಾರನ್ನು ಕೇಳಬೇಕು ಎಂಬ ಒಂದು ಫೋನ್ ನಂಬರ್, ಇಷ್ಟನ್ನು ಒಟ್ಟಿಗೆ ಕೊಟ್ಟರೆ ಆ ಮೆಷಿನ್ ಮತ್ತೆ ಮಂಚದ ಕೆಳಗೆ ಸೇರುವುದಿಲ್ಲ.